ಹೊಸ ಹೆಡ್‌ಲೈಟಿಗೆ ಹಳೆ ತಂತಿ ಸಾಲದು: ಕಾರಿನ ಬೆಳಕು ಹೆಚ್ಚಿಸುವ 12 ಸೂತ್ರಗಳು

ಜುಲೈ ತಿಂಗಳ ರಾತ್ರಿ ಚಾರ್ಮಾಡಿ ಘಾಟಿ ಇಳಿದವರಿಗೆ ಹೆಡ್‌ಲೈಟಿನ ಬೆಲೆ ಏನೆಂದು ಯಾರೂ ಹೇಳಿಕೊಡಬೇಕಿಲ್ಲ. ಒಂದು ಬದಿ ಬಂಡೆ, ಇನ್ನೊಂದು ಬದಿ ಪ್ರಪಾತ, ನಡುವೆ ಮಂಜು. ಹಾಗೊಂದು ರಾತ್ರಿ ಕೊಟ್ಟಿಗೆಹಾರ ದಾಟಿ ನಾಲ್ಕೈದು ತಿರುವು ಇಳಿದಿದ್ದೆ. ಪ್ಲಾಸ್ಟಿಕ್ ಸುಟ್ಟ ವಾಸನೆ ಬಂತು. ಸ್ಟಿಯರಿಂಗ್ ಕೆಳಗಿನ ಲೈಟ್ ಸ್ವಿಚ್ ಮುಟ್ಟಿದರೆ ಬಿಸಿ. ಮುಂದಿನ ತಿರುವಿನಲ್ಲಿ ಎಡಗಡೆಯ ದೀಪ ಆರಿಹೋಯಿತು. ಹಿಂದಿನ ವಾರವಷ್ಟೇ 60/55 ವ್ಯಾಟಿನ ಬಲ್ಬ್ ತೆಗೆಸಿ 100/90 ವ್ಯಾಟಿನದು ಹಾಕಿಸಿದ್ದೆ. ಹಾಕಿಕೊಟ್ಟ ಅಂಗಡಿಯವರು ತಂತಿಯ ಮಾತೇ ಎತ್ತಿರಲಿಲ್ಲ, ನಾನೂ ಕೇಳಿರಲಿಲ್ಲ.

ಉಳಿದ ಒಂದೇ ದೀಪದಲ್ಲಿ ಒಂದು ಲಾರಿಯ ಹಿಂದೆ ನಿಧಾನಕ್ಕೆ ಇಳಿದು ಉಜಿರೆ ಸೇರಿದೆ. ಬೆಳಿಗ್ಗೆ ಅಲ್ಲಿನ ಹಿರಿಯ ಆಟೊ ಎಲೆಕ್ಟ್ರಿಷಿಯನ್ ಒಬ್ಬರು ಬಲ್ಬಿನ ಹಿಂದಿನ ಹೋಲ್ಡರ್ ಎಳೆದರು. ಅರ್ಧ ಕೈಗೆ ಬಂತು, ಉಳಿದರ್ಧ ಬಲ್ಬಿನ ಪಿನ್ನಿಗೆ ಕರಗಿ ಅಂಟಿತ್ತು. "ಬಲ್ಬಿನದ್ದು ತಪ್ಪಲ್ಲ ಮಾರಾಯ್ರೆ, ವಯರಿನದ್ದು. ಸಪೂರ ಪೈಪಿನಲ್ಲಿ ಎಷ್ಟು ನೀರು ಬರ್ತದೆ ಹೇಳಿ?" ಎಂದರು. ಆ ಒಂದು ಮಾತಿನಿಂದ ನಾನು ಕಲಿತದ್ದನ್ನೆಲ್ಲ ಇಲ್ಲಿ ಬರೆದಿದ್ದೇನೆ. ನಮ್ಮ ಬಹುಪಾಲು ಹಳೆಯ ಕಾರುಗಳಲ್ಲಿರುವ ಮೂರು ಪಿನ್ನಿನ ಎಚ್4 ಬಲ್ಬನ್ನೇ ಉದಾಹರಣೆಗೆ ಇಟ್ಟುಕೊಂಡಿದ್ದೇನೆ.

1. ಮೊದಲು ಅಳೆಯಿರಿ, ಆಮೇಲೆ ಕೊಳ್ಳಿ

ಬೆಳಕು ಮಂಕಾಗಿದೆ ಎಂದ ಕೂಡಲೇ ಬಲ್ಬಿನ ಅಂಗಡಿಗೆ ಓಡಬೇಡಿ. ಸಾಧಾರಣ ಡಿಜಿಟಲ್ ಮಲ್ಟಿಮೀಟರ್ ಒಂದನ್ನು ತನ್ನಿ. ಎಂಜಿನ್ ಚಾಲೂ ಮಾಡಿ, ಲೋ ಬೀಮ್ ಹಚ್ಚಿ. ಬ್ಯಾಟರಿಯ ಎರಡು ಟರ್ಮಿನಲ್‌ಗಳ ನಡುವೆ ಅಳೆದರೆ 13.8 ವೋಲ್ಟಿನ ಆಸುಪಾಸು ಬರಬೇಕು. ಈಗ ಬಲ್ಬಿನ ಹೋಲ್ಡರ್ ಹಿಂಬದಿಯಿಂದ ಪ್ರೋಬ್ ತೂರಿಸಿ, ಉರಿಯುತ್ತಿರುವ ಬಲ್ಬಿನ ಪಿನ್ನುಗಳ ನಡುವೆಯೇ ಅಳೆಯಿರಿ. ಹೋಲ್ಡರ್ ಬಿಚ್ಚಿ ಅಳೆದರೆ ಪ್ರಯೋಜನವಿಲ್ಲ. ಕರೆಂಟ್ ಹರಿಯದಿದ್ದಾಗ ಕೊಳೆತ ತಂತಿಯೂ ಪೂರ್ತಿ ವೋಲ್ಟೇಜ್ ತೋರಿಸುತ್ತದೆ.

ನನ್ನ ಕಾರಿನಲ್ಲಿ ಮೊದಲಿನ 60/55 ಬಲ್ಬನ್ನೇ ಮತ್ತೆ ಹಾಕಿ ಅಳೆದಾಗ ಸಿಕ್ಕಿದ್ದು 12.1 ವೋಲ್ಟ್. 1.7 ವೋಲ್ಟ್ ದಾರಿಯಲ್ಲೇ ಸೋರಿಹೋಗಿತ್ತು. ಶೇಕಡಾ 12 ತಾನೇ ಎನ್ನಬೇಡಿ. ಹ್ಯಾಲೊಜೆನ್ ಬಲ್ಬಿನ ಬೆಳಕು ವೋಲ್ಟೇಜಿನ ಸುಮಾರು 3.4ನೇ ಘಾತಕ್ಕೆ ತಕ್ಕಂತೆ ಏರಿಳಿಯುತ್ತದೆ. ವೋಲ್ಟೇಜ್ ಶೇಕಡಾ 10 ಇಳಿದರೆ ಬೆಳಕು ಶೇಕಡಾ 30ರಷ್ಟು ಇಳಿಯುತ್ತದೆ. ನನ್ನ ಲೆಕ್ಕದಲ್ಲಿ ಮೂರರಲ್ಲಿ ಒಂದು ಪಾಲು ಬೆಳಕು ರಸ್ತೆಗೆ ಬರುತ್ತಲೇ ಇರಲಿಲ್ಲ.

ಅರ್ಧ ವೋಲ್ಟಿನ ಒಳಗೆ ಸೋರಿಕೆ ಇದ್ದರೆ ನಿಮ್ಮ ವೈರಿಂಗ್ ಚೆನ್ನಾಗಿದೆ. ಒಂದು ವೋಲ್ಟ್ ದಾಟಿದ್ದರೆ ಬಲ್ಬಿಗೆ ಹಣ ಹಾಕುವ ಮೊದಲು ತಂತಿಗೆ ಹಾಕಿ.

2. ವ್ಯಾಟ್ ಓದಬೇಡಿ, ಆಂಪಿಯರ್ ಲೆಕ್ಕ ಹಾಕಿ

ಡಬ್ಬದ ಮೇಲಿನ ವ್ಯಾಟನ್ನು 12ರಿಂದ ಭಾಗಿಸಿ. 60 ವ್ಯಾಟಿನ ಹೈ ಬೀಮಿಗೆ 5 ಆಂಪಿಯರ್, ಎರಡು ದೀಪಕ್ಕೆ 10. ಕಾರಿನ ಕಂಪನಿ ತಂತಿ, ಸ್ವಿಚ್, ಫ್ಯೂಸ್ ಎಲ್ಲವನ್ನೂ ಈ ಹತ್ತಕ್ಕೆ ನೋಡಿಕೊಂಡು ಹಾಕಿರುತ್ತದೆ. ಅದೇ ಜಾಗಕ್ಕೆ 100 ವ್ಯಾಟಿನದು ಬಂದರೆ ಎರಡಕ್ಕೂ ಸೇರಿ 16.7 ಆಂಪಿಯರ್.

ಹತ್ತು ಹೋಗಿ ಹದಿನೇಳಾಯಿತು, ಅಷ್ಟೇ ಅಲ್ಲವೇ ಅನ್ನಿಸಬಹುದು. ಆದರೆ ತಂತಿಯಲ್ಲಿ ಹುಟ್ಟುವ ಬಿಸಿ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುತ್ತದೆ. ಕರೆಂಟ್ 1.67 ಪಟ್ಟಾದರೆ ಬಿಸಿ 2.8 ಪಟ್ಟು. ನನ್ನ ಸ್ವಿಚ್ ಬಿಸಿಯಾದದ್ದು, ಹೋಲ್ಡರ್ ಕರಗಿದ್ದು ಇದರಿಂದಲೇ. ಇನ್ನೊಂದು ಕಹಿ ಸತ್ಯವಿದೆ: ಕರೆಂಟ್ ಹೆಚ್ಚಾದಷ್ಟೂ ತಂತಿಯಲ್ಲಿ ಸೋರುವ ವೋಲ್ಟೇಜೂ ಹೆಚ್ಚು. 100 ವ್ಯಾಟಿನ ಬಲ್ಬಿಗೆ ದುಡ್ಡು ಕೊಟ್ಟವರು ಹಳೆ ವೈರಿಂಗಿನಲ್ಲಿ 100 ವ್ಯಾಟಿನ ಬೆಳಕು ನೋಡುವುದೇ ಇಲ್ಲ.

3. ಕಾನೂನಿನ ಗೆರೆ ಎಲ್ಲಿದೆ ಎಂದು ತಿಳಿದುಕೊಳ್ಳಿ

ತಯಾರಕರು ಕೊಟ್ಟ ರೂಪವನ್ನು ಮೀರಿ ವಾಹನ ಬದಲಿಸುವುದಕ್ಕೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ನಿಲ್ಲುತ್ತದೆ. 2019ರ ತಿದ್ದುಪಡಿಯಲ್ಲಿ ಹೊಸ ರೂಪ ಪಡೆದ 182ಎ ಸೆಕ್ಷನ್ ಪ್ರಕಾರ ಇಂಥ ಪ್ರತಿ ಬದಲಾವಣೆಗೆ ಮಾಲೀಕರಿಗೆ 5,000 ರೂಪಾಯಿ ದಂಡ ಇಲ್ಲವೇ ಆರು ತಿಂಗಳವರೆಗೆ ಸೆರೆ, ಅಥವಾ ಎರಡೂ. 2024ರ ಜುಲೈಯಿಂದ ನಮ್ಮ ರಾಜ್ಯದ ಪೊಲೀಸರು ಕಣ್ಣು ಕುಕ್ಕುವ ದೀಪಗಳ ಮೇಲೆ ಪ್ರತ್ಯೇಕ ಕಾರ್ಯಾಚರಣೆಯನ್ನೇ ನಡೆಸಿದರು.

ನನ್ನ ಸಲಹೆ ನೇರ: ರಸ್ತೆಗೆ ಇಳಿಯುವ ಕಾರಿನಲ್ಲಿ 60/55 ವ್ಯಾಟಿನಲ್ಲೇ ಇರಿ. ಆ ಬಲ್ಬಿಗೆ ಅದರ ಪಾಲಿನ ವೋಲ್ಟೇಜ್ ಪೂರ್ತಿ ತಲುಪಿಸಿ. ಎದುರಿನವರ ಕಣ್ಣಿಗೂ ಕ್ಷೇಮ, ನಿಮಗೂ ಬೆಳಕು. ಮುಂದೆ ಹೇಳುವ ವೈರಿಂಗ್ ಕೆಲಸದ ನಿಜವಾದ ಲಾಭ ಇರುವುದು ಇಲ್ಲಿಯೇ.

4. ಸ್ವಿಚ್ಚಿನ ಹೊರೆ ರಿಲೇಗೆ ಹೊರಿಸಿ

ಹಳೆ ಕಾರುಗಳ ಕರೆಂಟ್ ನಡೆಯುವ ದಾರಿ ನೋಡಿ. ಬ್ಯಾಟರಿಯಿಂದ ಹೊರಟು, ಫ್ಯೂಸ್ ಬಾಕ್ಸ್ ಹೊಕ್ಕು, ಡ್ಯಾಶ್‌ಬೋರ್ಡ್ ಒಳಗೆ ನುಗ್ಗಿ, ಸ್ಟಿಯರಿಂಗ್ ಬಳಿಯ ಕಾಂಬಿನೇಷನ್ ಸ್ವಿಚ್ ಹಾದು, ಡಿಮ್-ಡಿಪ್ ಸ್ವಿಚ್ ದಾಟಿ, ಮತ್ತೆ ಬಾನೆಟ್ ಕೆಳಗೆ ಬಂದು ದೀಪ ಸೇರುತ್ತದೆ. ಬ್ಯಾಟರಿಯಿಂದ ದೀಪಕ್ಕೆ ಒಂದು ಮಾರು ದೂರ. ಕರೆಂಟ್ ಮಾತ್ರ ಊರೆಲ್ಲ ಸುತ್ತಿ ಬರುತ್ತದೆ.

ರಿಲೇ ಈ ಸುತ್ತನ್ನು ತಪ್ಪಿಸುತ್ತದೆ. ಹೆಬ್ಬೆರಳ ಗಾತ್ರದ ಕಪ್ಪು ಡಬ್ಬಿ. ಒಳಗೊಂದು ಕಾಯಿಲ್, ಒಂದು ಸಂಪರ್ಕ. ಕಾಯಿಲ್‌ಗೆ ಬೇಕಾಗುವುದು ಸುಮಾರು 0.15ರಿಂದ 0.2 ಆಂಪಿಯರ್ ಅಷ್ಟೇ. ಸ್ವಿಚ್ ಇನ್ನು ಮುಂದೆ ಆ ಚಿಟಿಕೆ ಕರೆಂಟನ್ನು ಮಾತ್ರ ಕಳಿಸುತ್ತದೆ. ದೀಪದ ದೊಡ್ಡ ಕರೆಂಟ್ ಬ್ಯಾಟರಿಯಿಂದ ದಪ್ಪ ತಂತಿಯಲ್ಲಿ ನೇರವಾಗಿ ಹೋಗುತ್ತದೆ.

ಹೈ ಬೀಮಿಗೆ ಒಂದು, ಲೋ ಬೀಮಿಗೆ ಒಂದು, ಒಟ್ಟು ಎರಡು ರಿಲೇ ಬೇಕು. 30 ಅಥವಾ 40 ಆಂಪಿಯರಿನದು ಕೊಳ್ಳಿ. ತಿರುಗಿಸಿ ನೋಡಿದರೆ ಕಾಲುಗಳ ಪಕ್ಕ ಸಂಖ್ಯೆ ಮೂಡಿರುತ್ತದೆ. 30ಕ್ಕೆ ಬ್ಯಾಟರಿಯ ಪ್ಲಸ್, 87ರಿಂದ ಬಲ್ಬಿಗೆ. 86 ಮತ್ತು 85 ಕಾಯಿಲ್‌ನ ಎರಡು ತುದಿ. ಕೆಲವು ರಿಲೇಗಳಲ್ಲಿ 87ಎ ಎಂಬ ಐದನೇ ಕಾಲು ಇರುತ್ತದೆ. ಅದಕ್ಕೆ ಕೈ ಹಾಕಬೇಡಿ, ಲೈಟ್ ಆಫ್ ಇದ್ದಾಗ ಅದರಲ್ಲಿ ಕರೆಂಟ್ ಇರುತ್ತದೆ. ಒಳಗೆ ಡಯೋಡ್ ಇರುವ ರಿಲೇಯಾದರೆ 86 ಪ್ಲಸ್, 85 ಮೈನಸ್ ಎಂಬುದನ್ನು ಅದಲುಬದಲು ಮಾಡಬಾರದು.

ರಿಲೇಯನ್ನು ಕಾಲು ಕೆಳಮುಖವಾಗಿ ಬರುವಂತೆ ಬಿಗಿಯಿರಿ. ಮೇಲ್ಮುಖವಾಗಿ ಕೂರಿಸಿದರೆ ಮಳೆಗಾಲದಲ್ಲಿ ನೀರು ಒಳಗೆ ನಿಲ್ಲುತ್ತದೆ. ರೇಡಿಯೇಟರಿನ ಪಕ್ಕವೂ ಬೇಡ.

5. ಪ್ಲಸ್ ಸ್ವಿಚ್ಚೋ ಮೈನಸ್ ಸ್ವಿಚ್ಚೋ, ಟೆಸ್ಟ್ ಲ್ಯಾಂಪ್ ಹಿಡಿದು ಖಚಿತ ಮಾಡಿ

ಎಡವುವವರು ಹೆಚ್ಚಾಗಿ ಎಡವುವುದು ಇಲ್ಲಿ. ಬಹಳಷ್ಟು ಕಾರುಗಳಲ್ಲಿ ಸ್ವಿಚ್ ಪ್ಲಸ್ ಕಳಿಸುತ್ತದೆ, ಬಲ್ಬಿನ ಮೂರನೇ ಪಿನ್ ಖಾಯಂ ಆಗಿ ಬಾಡಿ ಅರ್ಥ್. ಆದರೆ ಜಪಾನಿ ವಿನ್ಯಾಸದ ಕೆಲವು ಕಾರುಗಳಲ್ಲಿ ತಿರುವುಮುರುವು: ಆ ಮೂರನೇ ಪಿನ್ನಿಗೆ ಪ್ಲಸ್ ಬರುತ್ತದೆ, ಸ್ವಿಚ್ ಅರ್ಥ್ ಕೊಡುತ್ತದೆ. ಇದನ್ನು ನೋಡದೆ ತಂತಿ ಎಳೆದರೆ ದೀಪ ಉರಿಯುವುದಿಲ್ಲ ಅಥವಾ ಆರುವುದಿಲ್ಲ.

ಟೆಸ್ಟ್ ಲ್ಯಾಂಪಿನ ಕ್ಲಿಪ್ಪನ್ನು ಬ್ಯಾಟರಿ ಮೈನಸ್ಸಿಗೆ ಕಚ್ಚಿಸಿ, ಬಲ್ಬಿನಿಂದ ಬಿಚ್ಚಿದ ಕಪ್ಲರಿನ, ಅಂದರೆ ಹೋಲ್ಡರಿನ, ಮೂರೂ ತೂತುಗಳಿಗೆ ಮೊನೆ ತಾಗಿಸಿ. ಲೋ, ಹೈ ಎರಡರಲ್ಲೂ ಒಂದೇ ತೂತಿನಲ್ಲಿ ಲ್ಯಾಂಪ್ ಉರಿಯುತ್ತಿದ್ದರೆ ನಿಮ್ಮದು ಮೈನಸ್ ಸ್ವಿಚ್ಚಿನ ಕಾರು. ಡಿಮ್-ಡಿಪ್ ಮಾಡಿದಂತೆ ಬೆಳಕು ತೂತು ಬದಲಿಸಿದರೆ ಪ್ಲಸ್ ಸ್ವಿಚ್ಚಿನದು.

ಎರಡಕ್ಕೂ ಹೊಂದುವ ಒಂದು ಜಾಣ ದಾರಿಯಿದೆ. ಕಾಯಿಲ್‌ನ ಎರಡು ತುದಿಯನ್ನೂ ಹಳೆ ಕಪ್ಲರಿನಿಂದಲೇ ಪಡೆಯಿರಿ: ಒಂದು ತುದಿ ಮೂರನೇ ಪಿನ್ನಿಗೆ, ಇನ್ನೊಂದು ಆಯಾ ಬೀಮಿನ ಪಿನ್ನಿಗೆ. ಡಯೋಡ್ ಇಲ್ಲದ ರಿಲೇಯಾದರೆ ಯಾವ ಕಡೆ ಪ್ಲಸ್ ಎಂಬ ಚಿಂತೆಯೇ ಇಲ್ಲ. ಕೆಲಸ ಮುಗಿದ ಮೇಲೆ ಮೀಟರ್ ಬೋರ್ಡಿನ ನೀಲಿ ಹೈ ಬೀಮ್ ದೀಪ ಮೊದಲಿನಂತೆ ಹತ್ತುತ್ತಿದೆಯೇ ನೋಡಿಕೊಳ್ಳಿ.

6. ಅಪ್ಪಟ ತಾಮ್ರ, ತಕ್ಕ ದಪ್ಪ

ಒಂದು ಚದರ ಮಿಲಿಮೀಟರ್ ದಪ್ಪದ ತಾಮ್ರದ ತಂತಿಗೆ ಮೀಟರಿಗೆ ಸುಮಾರು 0.0175 ಓಮ್ ರೋಧ. ಇಷ್ಟು ಗೊತ್ತಿದ್ದರೆ ಉಳಿದದ್ದು ಗುಣಾಕಾರ. ಬ್ಯಾಟರಿಯಿಂದ ರಿಲೇವರೆಗೆ 4 ಸ್ಕ್ವೇರ್ (ಅಂದರೆ ಚದರ ಮಿಲಿಮೀಟರ್), ರಿಲೇಯಿಂದ ಒಂದೊಂದು ಬಲ್ಬಿಗೆ 2.5 ಸ್ಕ್ವೇರ್ ಎಳೆದರೆ ಈ ಎರಡು ತುಂಡಿನಲ್ಲಿ ಸೋರುವುದು ಕಾಲು ವೋಲ್ಟಿಗಿಂತ ಕಡಿಮೆ. ಕಾಯಿಲ್ ತಂತಿಗೆ 0.75 ಸ್ಕ್ವೇರ್ ಧಾರಾಳ.

ಮನೆ ವೈರಿಂಗಿನ ಉಳಿಕೆ ತಂತಿ ತರಬೇಡಿ. ಎಂಜಿನ್ನಿನ ಬಿಸಿಗೂ ಎಣ್ಣೆಗೂ ತಡೆಯುವ, ಸಣ್ಣ ಎಳೆಗಳ ಆಟೊ ವೈರನ್ನೇ ಕೊಳ್ಳಿ. ಬೆಂಗಳೂರಿನವರಿಗೆ ಜೆ.ಸಿ. ರಸ್ತೆಯಲ್ಲಿ ಒಂದು ಮಧ್ಯಾಹ್ನ ಸಾಕು. ಆದರೆ ಅಂಗಡಿಯಲ್ಲೇ ಒಂದು ಎಳೆಯನ್ನು ಚಾಕುವಿನಿಂದ ಕೆರೆದು ನೋಡಿ. ಒಳಗೂ ಕೆಂಪಾಗಿದ್ದರೆ ತಾಮ್ರ. ಕೆಂಪು ಕಿತ್ತು ಬಿಳಿ ಕಂಡರೆ ಅದು ತಾಮ್ರ ಲೇಪಿಸಿದ ಅಲ್ಯುಮಿನಿಯಂ, ವಾಪಸ್ ಕೊಡಿ. ಅಗ್ಗದ ರೆಡಿಮೇಡ್ ರಿಲೇ ಕಿಟ್‌ಗಳಲ್ಲಿ ಇಂಥ ತಂತಿಯನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಹೊರಗಿನ ಪ್ಲಾಸ್ಟಿಕ್ ದಪ್ಪ, ಒಳಗಿನ ಲೋಹ ನೂಲಿನಷ್ಟು.

7. ಫ್ಯೂಸ್ ಬ್ಯಾಟರಿಯ ಪಕ್ಕದಲ್ಲೇ ಇರಲಿ

ಬ್ಯಾಟರಿ ಪ್ಲಸ್ಸಿನಿಂದ ಒಂದು ಗೇಣಿನೊಳಗೆ ಫ್ಯೂಸ್ ಇರಬೇಕು. ಫ್ಯೂಸ್ ಕಾಯುವುದು ತಂತಿಯನ್ನು. ಅದನ್ನು ದೀಪದ ಹತ್ತಿರ ಹಾಕಿದರೆ, ನಡುವೆ ಎಲ್ಲಾದರೂ ತಂತಿ ಉಜ್ಜಿ ಬಾಡಿಗೆ ತಾಗಿದಾಗ ತಡೆಯುವವರೇ ಇರುವುದಿಲ್ಲ, ಬೆಂಕಿಯೇ ಗತಿ. 60/55 ಬಲ್ಬಿನ ಜೋಡಿಗೆ ಪ್ರತಿ ರಿಲೇಗೂ 15 ಆಂಪಿಯರಿನ ಪ್ರತ್ಯೇಕ ಫ್ಯೂಸ್ ಹಾಕಿ. ಎರಡಕ್ಕೂ ಸೇರಿಸಿ ಒಂದೇ ಹಾಕಿದರೆ, ಅದು ಹೋದ ಕ್ಷಣ ತಿರುವಿನಲ್ಲಿ ಪೂರ್ತಿ ಕತ್ತಲೆ. ಬೇರೆಬೇರೆ ಇದ್ದರೆ ಲೋ ಹೋದಾಗ ಹೈ ಇರುತ್ತದೆ. ಫ್ಯೂಸ್ ಪದೇಪದೇ ಹೋಗುತ್ತಿದ್ದರೆ ದೊಡ್ಡದು ಹಾಕಬೇಡಿ. ಬೆಳ್ಳಿ ಕಾಗದ ಸುತ್ತುವುದಂತೂ ಬೇಡವೇ ಬೇಡ. ತಂತಿ ಎಲ್ಲಿ ತಾಗುತ್ತಿದೆ ಹುಡುಕಿ.

8. ಅರ್ಥನ್ನು ಅಸಡ್ಡೆ ಮಾಡಬೇಡಿ

ಹೋದ ಕರೆಂಟ್ ಅಷ್ಟೇ ಸಲೀಸಾಗಿ ಹಿಂದಿರುಗಬೇಕು. ಪ್ಲಸ್ ಕಡೆ ದಪ್ಪ ತಂತಿ ಎಳೆದು, ಅರ್ಥಿಗೆ ಹಳೆಯ ತುಕ್ಕು ಬೋಲ್ಟನ್ನೇ ನಂಬಿದರೆ ಅರ್ಧ ಕೆಲಸ ನೀರುಪಾಲು. ಬಾಡಿಯ ಪೇಂಟ್ ಕೆರೆದು, ಲೋಹ ಮಿನುಗುವಂತೆ ಉಜ್ಜಿ, ಲಗ್ ಇಟ್ಟು ಬಿಗಿಯಿರಿ, ಮೇಲೆ ಸ್ವಲ್ಪ ಗ್ರೀಸ್ ಹಚ್ಚಿ. ಕರಾವಳಿಯವರು, ಮಲೆನಾಡಿನವರು ಬಾಡಿಯನ್ನು ನಂಬುವ ಬದಲು 2.5 ಸ್ಕ್ವೇರ್ ತಂತಿಯನ್ನು ಬ್ಯಾಟರಿ ಮೈನಸ್ಸಿಗೇ ಎಳೆಯುವುದು ಮೇಲು. ಪರೀಕ್ಷೆ ಸುಲಭ: ದೀಪ ಉರಿಯುತ್ತಿರುವಾಗ ಬಲ್ಬಿನ ಅರ್ಥ್ ಪಿನ್ನಿಗೂ ಬ್ಯಾಟರಿ ಮೈನಸ್ಸಿಗೂ ನಡುವೆ 0.2 ವೋಲ್ಟ್ ಮೀರಬಾರದು.

9. ಕಂಪನಿಯ ಕಪ್ಲರ್ ಕತ್ತರಿಸಬೇಡಿ

ಇಡೀ ಲೇಖನದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಹೊಸ ಹಾರ್ನೆಸ್ಸಿನ (ತಂತಿಗಳ ಕಟ್ಟಿನ) ಒಂದು ತುದಿಗೆ ಎಚ್4 ಗಂಡು ಕಪ್ಲರ್ ಹಾಕಿಸಿ. ಒಂದು ಬದಿಯ ಹಳೆ ಕಪ್ಲರ್ ಅದಕ್ಕೆ ಸಿಕ್ಕಿಕೊಂಡು ರಿಲೇಗೆ ಸೂಚನೆ ಕೊಡುತ್ತದೆ. ಇನ್ನೊಂದು ಬದಿಯ ಕಪ್ಲರಿಗೆ ನೀರು ಹೋಗದಂತೆ ಪ್ಲಾಸ್ಟಿಕ್ ಸುತ್ತಿ, ಟ್ಯಾಗ್ ಬಿಗಿದು ಇಡಿ. ನಡುರಾತ್ರಿ ರಿಲೇ ಕೈಕೊಟ್ಟರೆ ಹೊಸದನ್ನು ಬಿಚ್ಚಿ, ಹಳೆ ಕಪ್ಲರನ್ನು ನೇರವಾಗಿ ಬಲ್ಬಿಗೆ ಚುಚ್ಚಿ ಮನೆ ಸೇರಬಹುದು. ಹಾಗೆ ಮಾಡಲು ಬಲ್ಬ್ 60/55ರದೇ ಆಗಿರಬೇಕು ಎಂಬುದನ್ನೂ ಗಮನಿಸಿ.

ಬಲ್ಬಿನ ಕಡೆಗೆ ಬಿಳಿ ಸೆರಾಮಿಕ್ ಹೋಲ್ಡರ್ ಇರಲಿ. ಜೋಡಣೆಗೆ ತಂತಿ ಹೊಸೆದು ಟೇಪ್ ಸುತ್ತುವುದು ಬೇಡ. ಬಾನೆಟ್ ಕೆಳಗಿನ ಬಿಸಿಗೆ ಟೇಪಿನ ಅಂಟು ಒಂದೇ ಬೇಸಿಗೆಯಲ್ಲಿ ಇಳಿದುಹೋಗುತ್ತದೆ. ಸರಿಯಾದ ಕ್ರಿಂಪಿಂಗ್ ಟೂಲಿನಲ್ಲಿ ಲಗ್ ಒತ್ತಿ, ಎಳೆದು ನೋಡಿ, ಮೇಲೆ ಹೀಟ್ ಶ್ರಿಂಕ್ ಸ್ಲೀವ್ ಹಾಕಿ. ತಂತಿಯನ್ನೆಲ್ಲ ಏಣುಏಣಿನ ಕಪ್ಪು ಕೊಳವೆಯೊಳಗೆ ತೂರಿಸಿ. ಇಲಿ ಕಾಟ ಇರುವ ಕೊಟ್ಟಿಗೆಯಲ್ಲಿ ಕಾರು ನಿಲ್ಲಿಸುವವರಿಗೆ ಇದು ಇನ್ನೂ ಮುಖ್ಯ. ಕೆಲಸ ಶುರುವಿಗೆ ಮೊದಲು 10 ನಂಬರ್ ಸ್ಪ್ಯಾನರಿನಲ್ಲಿ ಬ್ಯಾಟರಿಯ ಮೈನಸ್ ಬಿಚ್ಚಲು ಮರೆಯಬೇಡಿ.

10. ಎಲ್‌ಇಡಿ, ಎಚ್‌ಐಡಿ ಹಾಕಿದವರಿಗೆ ಲೆಕ್ಕವೇ ಬೇರೆ

ಎಲ್‌ಇಡಿ ಬಲ್ಬ್ ಕಡಿಮೆ ಕರೆಂಟ್ ಎಳೆಯುತ್ತದೆ. ಅದಕ್ಕೆ ದಪ್ಪ ತಂತಿ ಬೇಕಿಲ್ಲ. ತೊಂದರೆ ಇರುವುದು ಬೆಳಕು ಹೊರಡುವ ಜಾಗದಲ್ಲಿ. ಎಚ್4 ಬಲ್ಬಿನೊಳಗೆ ಲೋ ಬೀಮ್ ತಂತುವಿನ ಕೆಳಗೆ ದೊನ್ನೆಯಂಥ ಪುಟ್ಟ ಲೋಹದ ಮರೆ ಇರುತ್ತದೆ. ಎದುರಿನವರ ಕಣ್ಣಿಗೆ ಬೆಳಕು ಹೋಗದಂತೆ ಮೇಲಂಚು ಕತ್ತರಿಸುವುದು ಅದೇ. ರಿಫ್ಲೆಕ್ಟರಿನ ಬಾಗು ಆ ತಂತು ಇರುವ ಜಾಗಕ್ಕೆ ಮಿಲಿಮೀಟರ್ ಲೆಕ್ಕದಲ್ಲಿ ಹೊಂದಿಸಿದ್ದು. ಅಲ್ಲಿಗೆ ಎಲ್‌ಇಡಿ ಅಥವಾ ಎಚ್‌ಐಡಿ ತುರುಕಿದರೆ ಬೆಳಕು ಚೆಲ್ಲಾಪಿಲ್ಲಿ. ನಿಮಗೆ ಹತ್ತಿರದ ರಸ್ತೆ ಬೆಳ್ಳಗೆ ಕಾಣುತ್ತದೆ, ಎದುರಿನ ಬೈಕಿನವನಿಗೆ ಏನೂ ಕಾಣುವುದಿಲ್ಲ.

ಎಚ್‌ಐಡಿ ಹತ್ತಿಕೊಳ್ಳುವಾಗ ಬ್ಯಾಲಸ್ಟ್ 20 ಸಾವಿರಕ್ಕೂ ಹೆಚ್ಚು ವೋಲ್ಟಿನ ಏಟು ಕೊಡುತ್ತದೆ. ಉರಿಯುವಾಗ ಆ ತಂತಿ ಮುಟ್ಟುವ ಸಾಹಸ ಬೇಡ. ಹೊಸ ಕಾರುಗಳಲ್ಲಿ ಕಂಪ್ಯೂಟರೇ ಬಲ್ಬನ್ನು ಕಾಯುತ್ತಿರುತ್ತದೆ. ಕರೆಂಟ್ ಕಡಿಮೆಯಾದರೆ ಬಲ್ಬ್ ಹೋಗಿದೆ ಎಂದು ಎಚ್ಚರಿಕೆ ಕೊಡುತ್ತದೆ, ದೀಪ ಮಿಣುಕುತ್ತದೆ, ರಿಲೇ ಟಕಟಕ ಬಡಿದುಕೊಳ್ಳುತ್ತದೆ. ಅಂಥ ಕಾರಿನ ವೈರಿಂಗ್ ಮುಟ್ಟಬೇಡಿ.

11. ಗೋಡೆಯ ಮುಂದೆ ನಿಲ್ಲಿಸಿ ಹದ ಮಾಡಿ

ಸಮತಟ್ಟು ಜಾಗದಲ್ಲಿ ಗೋಡೆಯಿಂದ 10 ಮೀಟರ್ ದೂರ ಕಾರು ನಿಲ್ಲಿಸಿ. ಟೈರಿನ ಗಾಳಿ ಸರಿಯಿರಲಿ, ಚಾಲಕರ ಸೀಟಿನಲ್ಲಿ ಒಬ್ಬರು ಕೂತಿರಲಿ. ಬಲ್ಬಿನ ನಡುಮಧ್ಯದ ಎತ್ತರ ಅಳೆದು ಗೋಡೆಯ ಮೇಲೆ ಗೆರೆ ಎಳೆಯಿರಿ. ಲೋ ಬೀಮಿನ ಮೇಲಂಚು ಆ ಗೆರೆಗಿಂತ ಸುಮಾರು 10 ಸೆಂಟಿಮೀಟರ್ ಕೆಳಗೆ ಬೀಳಬೇಕು. ಎಡಗಡೆ ಅಂಚು ಸ್ವಲ್ಪ ಮೇಲೇರಿರುತ್ತದೆ. ನಮ್ಮದು ಎಡಬದಿಯ ಸಂಚಾರವಾದ್ದರಿಂದ ರಸ್ತೆ ಬದಿಯ ಜನ, ಕಲ್ಲು, ದನ ಕಾಣಲಿ ಎಂದು ಹಾಗೆ ಮಾಡಿರುತ್ತಾರೆ. ಅಂಚು ಬಲಕ್ಕೆ ಏರಿದ್ದರೆ ಅದು ಬಲಬದಿ ಸಂಚಾರದ ದೇಶಗಳಿಗೆ ಮಾಡಿದ ದೀಪ. ಎಷ್ಟೇ ದುಬಾರಿಯಾಗಿರಲಿ ನಮ್ಮ ರಸ್ತೆಗೆ ಅದು ಬೇಡ.

ಹದ ಮಾಡುವ ಮೊದಲು ದೀಪದ ಗಾಜು ನೋಡಿ. ಈಚಿನ ಕಾರುಗಳಲ್ಲಿ ಅದು ಪಾಲಿಕಾರ್ಬೊನೇಟ್, ಬಿಸಿಲಿಗೆ ಹಳದಿಯಾಗುತ್ತದೆ. ಪಾಲಿಶ್ ಮಾಡಿಸಿ. ಬಲ್ಬ್ ಹಾಕುವಾಗ ಅದರ ಗಾಜಿಗೆ ಬೆರಳು ತಾಗದಿರಲಿ. ಚರ್ಮದ ಜಿಡ್ಡು ಅಂಟಿದ ಜಾಗ ಕಾದು ಬಲ್ಬ್ ಬೇಗ ಸಾಯುತ್ತದೆ.

12. ಹದಿನೈದು ದಿನ ಬಿಟ್ಟು ಮತ್ತೆ ಬಾನೆಟ್ ತೆಗೆಯಿರಿ

ಅರ್ಧ ಗಂಟೆ ದೀಪ ಹಚ್ಚಿ ಓಡಿಸಿದ ಮೇಲೆ ದೀಪ ಆರಿಸಿ, ತಂತಿ, ಫ್ಯೂಸ್ ಹೋಲ್ಡರ್, ರಿಲೇಯ ಕಾಲುಗಳ ಹತ್ತಿರ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ. ಬೆರಳು ಇಡಲಾಗದಷ್ಟು ಬಿಸಿ ಇದ್ದರೆ ಅಲ್ಲೊಂದು ಸಡಿಲ ಜೋಡಣೆ ಇದೆ. ಪೂರ್ತಿ ವೋಲ್ಟೇಜ್ ಸಿಗುವ ಬಲ್ಬಿನ ಆಯುಷ್ಯ ಕಡಿಮೆಯಾಗುತ್ತದೆ ಎಂಬುದೂ ಗೊತ್ತಿರಲಿ. ವೋಲ್ಟೇಜ್ ಶೇಕಡಾ 5 ಏರಿದರೆ ಆಯುಷ್ಯ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಒಂದು ಜೊತೆ ಬಲ್ಬ್, ಒಂದು ರಿಲೇ, ನಾಲ್ಕು ಫ್ಯೂಸ್ ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಇಟ್ಟುಕೊಳ್ಳಿ.

ರಿಲೇ ಹಾಕಿಸಿದ ಮೇಲೆ ನನ್ನ ಕಾರಿನ ಬಲ್ಬಿನಲ್ಲಿ ಅಳೆದಾಗ ಬಂದದ್ದು 13.5 ವೋಲ್ಟ್. ಬಲ್ಬ್ ಅದೇ 60/55. ಲೆಕ್ಕದ ಪ್ರಕಾರ ಬೆಳಕು ಮೊದಲಿಗಿಂತ ಶೇಕಡಾ 45ರಷ್ಟು ಹೆಚ್ಚು. 100/90ರ ಜೋಡಿಯನ್ನು ಡಬ್ಬಕ್ಕೆ ಹಾಕಿಟ್ಟವನು ಮತ್ತೆ ತೆಗೆದಿಲ್ಲ. ಮಳೆಗಾಲಕ್ಕೆ ಮುಂಚೆ ಒಂದು ಸಂಜೆ ಬಿಡುವು ಮಾಡಿಕೊಂಡು ನಿಮ್ಮ ಕಾರಿನ ಬಲ್ಬಿಗೆ ಎಷ್ಟು ವೋಲ್ಟ್ ಬರುತ್ತಿದೆ ಎಂದು ಒಮ್ಮೆ ಅಳೆಯಿರಿ.